ಸಿಹಿ ತಿನ್ನದಿದ್ದರೂ ವಸಡಿನಿಂದ ರಕ್ತ ಯಾಕೆ ಬರುತ್ತೆ?

ಸಿಹಿ ಬಿಟ್ಟು ವರ್ಷವಾಯಿತು, ಹುಳುಕು ಹಲ್ಲು ಒಂದೂ ಇಲ್ಲ, ಆದರೂ ಉಜ್ಜುವಾಗ ರಕ್ತ ಬರುತ್ತದೆ, ಅದಕ್ಕೇ ಬ್ರಷ್ ಬಿಟ್ಟು ಬೆರಳಲ್ಲಿ ಉಜ್ಜುತ್ತಿದ್ದೇನೆ ಎಂದು ಬರೆದಿದ್ದೀರಿ. ನಾನು ರಾಯಚೂರಿನಲ್ಲಿ ಹಲ್ಲಿನ ಡಾಕ್ಟರ್. ಈ ಬೆರಳಿನ ಕಥೆ ನನಗೆ ಹೊಸದಲ್ಲ.

ಹುಳುಕು ತರುವ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಬೇಕು. ವಸಡು ಕೆಡಿಸುವವು ಬೇರೆ. ಅವುಗಳಲ್ಲಿ ಹೆಚ್ಚು ಹೆಸರು ಕೆಡಿಸಿಕೊಂಡದ್ದು ಪಾರ್ಫಿರೋಮೋನಾಸ್ ಜಿಂಜಿವಾಲಿಸ್. ಅದಕ್ಕೆ ಗಾಳಿ ಆಗುವುದಿಲ್ಲ, ಹಲ್ಲು ಮತ್ತು ವಸಡಿನ ಸಂದಿಯಲ್ಲಿ ಅಡಗಿರುತ್ತದೆ. ಅದರ ಊಟ ಸಕ್ಕರೆಯಲ್ಲ, ಪ್ರೋಟೀನ್. ಅದನ್ನು ತುಂಡು ಮಾಡಲು ಜಿಂಜಿಪೇನ್ ಎಂಬ ಎನ್‌ಜೈಮ್‌ಗಳಿವೆ, ಮೂರು ಕತ್ತರಿಗಳು ಅಂದುಕೊಳ್ಳಿ. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳೆಂಬ ಮಣಿಗಳ ಸರ. ಎರಡು ಕತ್ತರಿಗಳು ಆರ್ಜಿನಿನ್ ಎಂಬ ಮಣಿ ಇರುವ ಕಡೆ ಕತ್ತರಿಸುತ್ತವೆ, ಒಂದು ಲೈಸಿನ್ ಎಂಬ ಮಣಿ ಇರುವ ಕಡೆ.

ಇವುಗಳ ಕಿತಾಪತಿ ನೋಡಿ. ನಮ್ಮ ರಕ್ತನಾಳಗಳು ಸೋರುವಂತೆ ಮಾಡುತ್ತವೆ. ವಸಡು ಊದಿಕೊಳ್ಳುತ್ತದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಫೈಬ್ರಿನೋಜೆನ್ ಅನ್ನೂ ಕತ್ತರಿಸುತ್ತವೆ. ಒಸರಿದ ರಕ್ತದ ಹಿಮೋಗ್ಲೋಬಿನ್ ಒಡೆದು ಹೀಮ್ ಎಂಬ ಕಬ್ಬಿಣ ಇರುವ ಅಂಶ ಎತ್ತಿಕೊಳ್ಳುತ್ತವೆ. ಕಾಯಲು ಬಂದ ಆಂಟಿಬಾಡಿಗಳನ್ನೂ ಬಿಡುವುದಿಲ್ಲ. ಲ್ಯಾಬಿನಲ್ಲಿ ರಕ್ತ ಹಾಕಿದ ತಟ್ಟೆಯಲ್ಲಿ ಬೆಳೆಸಿದರೆ ಈ ಬ್ಯಾಕ್ಟೀರಿಯಾ ದಿನ ಕಳೆದಂತೆ ಕಾಡಿಗೆಯಂತೆ ಕಪ್ಪಾಗುತ್ತದೆ. ಆ ಕಪ್ಪು, ರಕ್ತದಿಂದ ಕದ್ದು ಮೈಗೆ ಮೆತ್ತಿಕೊಂಡ ಹೀಮ್. ಕಾಲೇಜಿನಲ್ಲಿ ಮೊದಲ ಸಲ ನೋಡಿದಾಗ ನನಗೆ ಮಧ್ಯಾಹ್ನದ ಊಟ ಸೇರಲಿಲ್ಲ!

ಅಂದರೆ ನಿಮ್ಮ ರಕ್ತವೇ ಅದಕ್ಕೆ ಮೃಷ್ಟಾನ್ನ. ನೀವು ಬ್ರಷ್ ಬಿಟ್ಟಿರಿ, ಹಲ್ಲಿನ ಮೇಲೆ ಪಾಚಿ ಬೆಳೆಯಿತು, ವಸಡು ಇನ್ನೂ ಊದಿತು, ಅದಕ್ಕೆ ಊಟ ಜಾಸ್ತಿಯಾಯಿತು. ಬೀಡಿ ಸೇದುವವರಿಗೆ ರಕ್ತ ಕಡಿಮೆ ಕಾಣುತ್ತದೆ, ಅದನ್ನು ನೋಡಿ ಹೊಟ್ಟೆಕಿಚ್ಚು ಪಡಬೇಡಿ. ಅವರ ವಸಡು ಒಳಗೊಳಗೇ ಕೆಡುತ್ತಿರುತ್ತದೆ.

ಈ ಜಿಂಜಿಪೇನ್‌ನಿಂದಲೇ ಮರೆವಿನ ಕಾಯಿಲೆ ಆಲ್‌ಝೈಮರ್ ಬರುತ್ತದೆ ಎಂಬ ವಾಟ್ಸಾಪ್ ಸುದ್ದಿಗೆ ಸುಮ್ನೆ ಹೆದರಬೇಡಿ. ಜಿಂಜಿಪೇನ್ ತಡೆಯುವ ಮಾತ್ರೆಯನ್ನು ಆಲ್‌ಝೈಮರ್ ರೋಗಿಗಳ ಮೇಲೆ ಪರೀಕ್ಷಿಸಿದ್ದರು. 2021ರಲ್ಲಿ ಬಂದ ಫಲಿತಾಂಶದಲ್ಲಿ ಅದು ಮುಖ್ಯ ಗುರಿ ಮುಟ್ಟಲಿಲ್ಲ.

ಮೆತ್ತನೆಯ ಬ್ರಷ್ ಕೊಳ್ಳಿ, ವಸಡಿನ ಅಂಚಿಗೆ ತಾಗಿಸಿ ದಿನಕ್ಕೆ ಎರಡು ಸಲ ಉಜ್ಜಿ. ಮೊದಮೊದಲು ರಕ್ತ ಬಂದೇ ಬರುತ್ತದೆ. ಪಾಚಿ ಗಟ್ಟಿಯಾಗಿ ಗಾರೆ ಕಟ್ಟಿದ್ದರೆ ಬ್ರಷ್‌ಗೆ ಬಗ್ಗುವುದಿಲ್ಲ, ಕ್ಲೀನಿಂಗ್ ಮಾಡಿಸಲೇಬೇಕು. ಅದರಿಂದ ಹಲ್ಲು ಸಡಿಲವಾಗುವುದಿಲ್ಲ. ಮೊದಲೇ ಸಡಿಲವಾಗಿದ್ದ ಹಲ್ಲನ್ನು ಗಾರೆ ಹಿಡಿದಿಟ್ಟಿರುತ್ತದೆ, ಅಷ್ಟೇ.

ಅಂದ ಹಾಗೆ, ಸಿಹಿ ಬಿಟ್ಟದ್ದು ಶುಗರ್ ಬಂದಿದೆ ಅಂತಲಾ? ಹಾಗಿದ್ದರೆ ಕುರ್ಚಿಯಲ್ಲಿ ಕೂರುವ ಮೊದಲೇ ಡಾಕ್ಟರಿಗೆ ಹೇಳಿ.