ಗೊಜ್ಜಿಗೆ ಬೂಷ್ಟು ಹಿಡಿಯುವುದು ಯಾಕೆ?

ಪ್ರಶ್ನೆ: ಮಗ ಬೆಂಗಳೂರಿನಲ್ಲಿ ರೂಮ್ ಮಾಡಿಕೊಂಡಿದ್ದಾನೆ. ಕೆಲಸದಿಂದ ಬಂದು ಅನ್ನವೊಂದು ಮಾಡಿಕೊಳ್ಳುತ್ತಾನೆ. ಕಲಸಿಕೊಳ್ಳಲಿ ಅಂತ ಕಾಲು ಕೆಜಿ ಹುಣಸೆಹಣ್ಣಿನ ಪುಳಿಯೋಗರೆ ಗೊಜ್ಜು ಕಳಿಸಿದೆ. ಹದಿನೈದು ನಿಮಿಷ ಚೆನ್ನಾಗಿ ಕುದಿಸಿದ್ದೆ, ಹಸಿ ತೆಂಗಿನಕಾಯಿ ಹಾಕಿಲ್ಲ. ಆದರೂ ಹನ್ನೆರಡೇ ದಿನಕ್ಕೆ ಬಿಳಿ ಬೂಷ್ಟು ಬಂತಂತೆ. ತಪ್ಪಿದ್ದೆಲ್ಲಿ?
– ಓದುಗರು, ಹಿರಿಯೂರು

ಉತ್ತರ: ಹದಿನೈದು ನಿಮಿಷ ಸಾಲದು ತಾಯಿ. ಹುಳಿ, ಉಪ್ಪು ಇದ್ದರೂ ನೀರಿನ ಪಸೆ ಉಳಿದರೆ ಬೂಷ್ಟು ಬರುತ್ತದೆ. ಬೂಷ್ಟಿಗೆ ಹುಳಿಯ ಭಯವಿಲ್ಲ.

ಕಾಲು ಕೆಜಿ ಹಣ್ಣಿಗೆ ನಾನು ಕಾಲು ಲೀಟರ್ ಕಡಲೆಕಾಯಿ ಎಣ್ಣೆ ಇಡುತ್ತೇನೆ. ಚಳ್ಳಕೆರೆ ಗಾಣದ ಎಣ್ಣೆ ನಿಮಗೆ ಹತ್ತಿರದಲ್ಲೇ ಸಿಗುತ್ತದೆ, ಅದರ ಘಮವೇ ಬೇರೆ. ಅರ್ಧ ಎಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವು ಸಿಡಿಸಿ, ದಪ್ಪಗೆ ಕಿವುಚಿದ ರಸ, ಉಪ್ಪು, ಅರಿಸಿನ ಹಾಕಿ ಸಣ್ಣ ಉರಿಗೆ ಬಿಡಿ. ಮೊದಲು ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಆಮೇಲೆ ಪಚಕ್ ಪಚಕ್ ಅಂತ ಕೈಗೆ ಹಾರುತ್ತದೆ, ಉದ್ದ ಹಿಡಿಯ ಸೌಟು ಇರಲಿ. ಬಹಳ ಜನ ಇಳಿಸುವುದೇ ಈ ಹಂತದಲ್ಲಿ. ಇಳಿಸಬೇಡಿ. ನೂರು ಗ್ರಾಂ ಬೆಲ್ಲ, ಉಳಿದ ಎಣ್ಣೆ ಹಾಕಿ ಕೈಯಾಡಿಸುತ್ತಿರಿ. ಅಂಚಿನಲ್ಲಿ ಎಣ್ಣೆ ಬಿಟ್ಟು, ಸೌಟಿನಲ್ಲಿ ತಳಕ್ಕೆ ಗೀರಿದರೆ ಆ ಗೀರು ಕೂಡದೆ ಹಾಗೇ ನಿಲ್ಲಬೇಕು. ನಮ್ಮ ಮನೆಯಲ್ಲಿ ಇದಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯ, ಕಾಳುಮೆಣಸು ಹುರಿದು ಪುಡಿ ಮಾಡಿಟ್ಟಿದ್ದನ್ನು ಆಗ ಬೆರೆಸಿ, ಎರಡು ನಿಮಿಷ ಕಲಸಿ ಇಳಿಸಿ. ಮೆಂತ್ಯ ಕಪ್ಪಾದರೆ ಗೊಜ್ಜೆಲ್ಲ ಕಹಿ, ಅಲ್ಲಿ ಕಣ್ಣಿಡಿ. ಪಾತ್ರೆ ಸ್ಟೀಲಿನದೋ ಕಲಾಯಿ ಹಾಕಿಸಿದ್ದೋ ಆಗಬೇಕು. ಅಲ್ಯೂಮಿನಿಯಮ್ಮನ್ನು ಹುಳಿ ತಿನ್ನುತ್ತದೆ.

ಎಳ್ಳುಪುಡಿ, ಕೊಬ್ಬರಿ, ಹುರಿದ ಕಡಲೆಬೀಜ ಗೊಜ್ಜಿಗೆ ಸೇರಿಸಬೇಡಿ. ಎಳ್ಳು, ಕೊಬ್ಬರಿ ಕಮಟುತ್ತವೆ, ಬೀಜ ಮೆತ್ತಗಾಗುತ್ತದೆ. ಬೇರೆ ಡಬ್ಬಿಯಲ್ಲಿ ಕಳಿಸಿ, ಕಲಸುವಾಗ ಹಾಕಿಕೊಳ್ಳಲಿ.

ಇನ್ನೊಂದು ಮಾತು. ಮಗಳು ಹಾಸ್ಟೆಲಿಗೆ ಹೊರಟ ವರ್ಷ ಬಸ್ಸಿಗೆ ಹೊತ್ತಾಯಿತು ಅಂತ ಬಿಸಿ ಗೊಜ್ಜನ್ನೇ ಬಾಟಲಿಗೆ ತುಂಬಿ ಮುಚ್ಚಳ ಬಿಗಿದಿದ್ದೆ. ಮುಚ್ಚಳದ ಒಳಗೆ ಹಬೆ ಹನಿಗಟ್ಟಿ ಗೊಜ್ಜಿನ ಮೇಲೆ ಬಿದ್ದಿತ್ತು. ಆ ಹನಿ ಬಿದ್ದಲ್ಲೇ ಬೂಷ್ಟು. ಮಗು ಫೋನಿನಲ್ಲಿ ಅತ್ತಿದ್ದು ಇವತ್ತಿಗೂ ಕಿವಿಯಲ್ಲಿದೆ. ಅಂದಿನಿಂದ ರಾತ್ರಿ ಮಾಡಿ, ತೆಳುಬಟ್ಟೆ ಕಟ್ಟಿಟ್ಟು, ಬೆಳಿಗ್ಗೆ ಒಣಗಿದ ಗಾಜಿನ ಬಾಟಲಿಗೆ ತುಂಬುತ್ತೇನೆ, ಮೇಲೆ ಬೆರಳಗಲ ಎಣ್ಣೆ ನಿಲ್ಲುವ ಹಾಗೆ. ಒದ್ದೆ ಚಮಚ ಹಾಕಬಾರದು ಅಂತ ಮಗನಿಗೆ ಹೇಳಿ. ರೂಮಿನಲ್ಲಿ ಫ್ರಿಜ್ ಇದ್ದರೆ ಅದರಲ್ಲೇ ಇಡಲಿ. ಬೂಷ್ಟು ಬಂದ ಬಾಟಲಿಯನ್ನು ಮೇಲಷ್ಟೇ ತೆಗೆದು ತಿನ್ನುವುದು ಬೇಡ, ಪೂರ್ತಿ ಚೆಲ್ಲಲಿ.

ಪ್ರಶ್ನೆ: ನಿಂಬೆ ಚಿತ್ರಾನ್ನಕ್ಕೂ ಹೀಗೇ ಗೊಜ್ಜು ಮಾಡಿಡಬಹುದೇ?
– ಓದುಗರು, ದಾವಣಗೆರೆ

ಉತ್ತರ: ನಿಂಬೆರಸ ಕುದಿಸಿದರೆ ಕಹಿ ಬರುತ್ತದೆ, ಬೇಡ. ಮಾವಿನಕಾಯಿ ಕಾಲದಲ್ಲಿ ತುರಿದು, ಎಣ್ಣೆಯಲ್ಲಿ ನೀರು ಆರುವ ತನಕ ಬಾಡಿಸಿ, ಉಪ್ಪು, ಖಾರ, ಮೆಂತ್ಯ ಹಾಕಿಡಿ. ಸಂಜೆ ಮಂಡಕ್ಕಿಗೂ ಅದನ್ನೇ ಒಂದು ಚಮಚ ಕಲಸಿ, ಮೇಲೆ ಈರುಳ್ಳಿ ಹೆಚ್ಚಿ ಹಾಕಿ ಮಕ್ಕಳಿಗೆ ಕೊಡಿ.