ಅವನು ಮನೆಗೆ ಯಾವಾಗ ಬರ್ತಾನೆ?

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಬರೆದ ಪತ್ರದ ಮುಖ್ಯ ಭಾಗ:

"ನಿಮ್ಮ ಮಕ್ಕಳ ಪುಟದ ಆನೆ ಧಾರಾವಾಹಿಯನ್ನು ಏಳು ವರ್ಷದ ಮಗಳಿಗೆ ತಪ್ಪದೆ ಓದಿ ಹೇಳುತ್ತಿದ್ದೇನೆ. ನಾಲ್ಕನೇ ಕಂತಿನಲ್ಲಿ ಅಜ್ಜಿ ಆನೆ ಆ ಎಳೆಯ ಸಲಗನನ್ನು ಹಿಂಡಿನಿಂದ ಹೊರಗೆ ಹಾಕಿತು. ಹಿಂಡಿಗೆ ಗದ್ದೆಯ ದಾರಿ ತೋರಿಸಿದ ಅನ್ನುವ ಆರೋಪ ಅವನ ಮೇಲೆ, ಆದರೆ ತೋರಿಸಿದವನು ಅವನಲ್ಲ. ಅದು ನಮಗೂ ಗೊತ್ತು, ಅವನ ತಾಯಿಗೂ ಗೊತ್ತು. ಆದರೂ ತಾಯಿ ತಿರುಗಿ ನೋಡಲಿಲ್ಲ. ಮಗಳು ಆ ರಾತ್ರಿ ಊಟ ಬಿಟ್ಟಳು. ಈಗ ಒಂಬತ್ತು ಕಂತಾಯಿತು, ಅವನಿನ್ನೂ ಅಲೆಯುತ್ತಿದ್ದಾನೆ. ಇಂಗ್ಲಿಷಿನಲ್ಲಿ ಬೆಕ್ಕು, ತೋಳ, ಗೂಬೆಗಳ ಇಂಥ ಸರಣಿಗಳು ಬೇಕಾದಷ್ಟಿವೆ. ಅದನ್ನೇ ನಮ್ಮ ಕಾಡಿಗೆ ತಂದ ಹಾಗಿದೆ. ನಮ್ಮ ಮಕ್ಕಳಿಗೆ ಈ ಕ್ರೌರ್ಯ ಯಾಕೆ? ಅವನು ಮನೆಗೆ ಯಾವಾಗ ಬರ್ತಾನೆ ಅಂತ ಮಗಳು ದಿನಾ ಕೇಳುತ್ತಾಳೆ. ಇನ್ನೊಂದು ಮಾತು. ಆರನೇ ಕಂತಿನ ಚಿತ್ರದಲ್ಲಿ ಅಜ್ಜಿ ಆನೆಗೆ ಮಾರುದ್ದ ದಂತ ಬರೆದಿದ್ದೀರಿ. ಸಕ್ರೆಬೈಲು ಆನೆ ಬಿಡಾರ ನೋಡಿದ ಮಗುವೂ ಆ ತಪ್ಪು ಮಾಡುವುದಿಲ್ಲ."

ಸಂಪಾದಕರ ಉತ್ತರ:

ದಂತದ ಮಾತು ಮೊದಲು ಮುಗಿಸಿಬಿಡುತ್ತೇನೆ. ಅದು ನಮ್ಮದೇ ತಪ್ಪು. ಆಫ್ರಿಕಾದ ಆನೆಗಳಲ್ಲಿ ಗಂಡು ಹೆಣ್ಣು ಎರಡಕ್ಕೂ ದೊಡ್ಡ ದಂತ ಇರುತ್ತದೆ. ನಮ್ಮ ಹೆಣ್ಣಾನೆಗೆ ಇದ್ದರೂ ಬಾಯಂಚಿನಲ್ಲೇ ಉಳಿಯುವ ಮೊಟಕು ಕೋರೆ, ಅಷ್ಟೇ. ಚಿತ್ರಕಾರರು ಯಾವುದೋ ಆಫ್ರಿಕಾದ ಫೋಟೊ ಮುಂದಿಟ್ಟುಕೊಂಡಿದ್ದರು. ಅಚ್ಚಿಗೆ ಹೋಗುವ ಮುಂಚೆ ನಾನು ನೋಡಬೇಕಿತ್ತು. ನೋಡಿದೆ ಕೂಡ. ಆದರೆ ಚೆನ್ನಾಗಿ ಬಂದಿದೆ ಅಂತ ತಲೆ ಆಡಿಸಿದೆ! ಮಲೆನಾಡಿನಲ್ಲಿ ಹುಟ್ಟಿ ಬೆಳೆದವನ ಕಥೆ ಇದು.

ಇನ್ನು ಕ್ರೌರ್ಯ. ನಮ್ಮ ಕಡೆ 'ಒಂಟಿ ಸಲಗ' ಅನ್ನುವ ಮಾತು ಬಾಯಲ್ಲಿ ಎಷ್ಟು ಸಲ ಬರುತ್ತದೆ ನೋಡಿ. ಒಂಟಿ ಸಲಗ ಬಂದಿದೆಯಂತೆ, ಆ ಕಡೆ ಹೋಗಬೇಡಿ, ಬ್ಯಾಟರಿ ಹಿಡ್ಕೊಂಡು ಹೋಗಿ. ಅದು ಒಂಟಿ ಯಾಕಾಯಿತು ಅಂತ ಮಾತ್ರ ನಾವು ಯಾರೂ ಕೇಳುವುದಿಲ್ಲ. ಆನೆಯ ಹಿಂಡು ಎಂದರೆ ಹೆಣ್ಣುಗಳ ಸಂಸಾರ. ಅಜ್ಜಿ, ಅವಳ ಹೆಣ್ಣುಮಕ್ಕಳು, ಅಕ್ಕತಂಗಿಯರು, ಮರಿಗಳು. ಹೆಣ್ಣುಮರಿ ಸಾಯುವವರೆಗೂ ಅಲ್ಲೇ ಇರಬಹುದು. ಗಂಡು ಮರಿಗೆ ಆ ಭಾಗ್ಯ ಇಲ್ಲ. ಹತ್ತರಿಂದ ಹದಿನೈದು ವರ್ಷದ ಒಳಗೆ ಅವನು ಹೊರಡಬೇಕು. ಅವನು ತಪ್ಪು ಮಾಡಿರಬೇಕು ಅಂತೇನೂ ಇಲ್ಲ. ಮೈ ಬೆಳೆದರೆ ಸಾಕು. ನಮ್ಮ ಧಾರಾವಾಹಿಯ ಹುಡುಗನಿಗೆ ಹನ್ನೆರಡು.

ಇಲ್ಲಿ ಲೇಖಕರು ಸ್ವಲ್ಪ ಸ್ವಾತಂತ್ರ್ಯ ತೆಗೆದುಕೊಂಡಿದ್ದಾರೆ ಎನ್ನುವುದು ನಿಜ. ಕಾಡಿನಲ್ಲಿ ಯಾವ ಅಜ್ಜಿ ಆನೆಯೂ ಸಭೆ ಕರೆದು ತೀರ್ಪು ಕೊಡುವುದಿಲ್ಲ. ಅದು ನಿಧಾನಕ್ಕೆ ಆಗುವ ಕೆಲಸ. ಹುಡುಗನ ಗಲಾಟೆ ಜಾಸ್ತಿಯಾದಾಗ ಚಿಕ್ಕಮ್ಮನೋ ದೊಡ್ಡಮ್ಮನೋ ಒಮ್ಮೆ ತಳ್ಳುತ್ತಾಳೆ. ಅವನು ಸ್ವಲ್ಪ ಹಿಂದೆ ಉಳಿಯುತ್ತಾನೆ. ಎರಡು ದಿನ ಕಾಣುವುದಿಲ್ಲ, ಮತ್ತೆ ಬರುತ್ತಾನೆ. ಮತ್ತೆ ತಳ್ಳುತ್ತಾರೆ. ಹೀಗೆ ವರ್ಷಗಟ್ಟಲೆ. ಇದನ್ನೆಲ್ಲ ಹಾಗೇ ಬರೆದರೆ ಮಕ್ಕಳು ಮೂರನೇ ಕಂತಿಗೆ ಪತ್ರಿಕೆ ಮಡಚಿಡುತ್ತಾರೆ. ಹಾಗಾಗಿ ಲೇಖಕರು ಅದನ್ನು ಒಂದೇ ರಾತ್ರಿಗೆ ತಂದರು. ಜೊತೆಗೆ ಒಂದು ಸುಳ್ಳು ಆರೋಪವನ್ನೂ ಸೇರಿಸಿದರು. ಸುಳ್ಳು ಆರೋಪ ಇಲ್ಲದಿದ್ದರೆ ಮಕ್ಕಳ ಕಥೆಯಲ್ಲಿ ಸಿಟ್ಟು ಹುಟ್ಟುವುದಿಲ್ಲ. ಅವರ ಪರವಾಗಿ ವಾದಿಸುತ್ತಿಲ್ಲ, ಕಸುಬಿನ ಗುಟ್ಟು ಹೇಳಿದೆ.

ಆದರೆ 'ತಾಯಿ ತಿರುಗಿ ನೋಡಲಿಲ್ಲ' ಎಂದಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ದಯವಿಟ್ಟು ಏಳನೇ ಕಂತನ್ನು ಇನ್ನೊಮ್ಮೆ ತೆಗೆಯಿರಿ. ಹುಡುಗ ಬಿದಿರು ಮೆಳೆಯ ಪಕ್ಕ ಮಲಗಿರುತ್ತಾನೆ. ಅಂಗಾಲು ಗುಂಯ್ ಅನ್ನುತ್ತದೆ. ಗುಡುಗು ಇರಬೇಕು ಅಂದುಕೊಳ್ಳುತ್ತಾನೆ, ಆಕಾಶ ನೋಡಿದರೆ ಮೋಡವೇ ಇಲ್ಲ. ಅಷ್ಟೇ, ಎರಡು ಸಾಲು. ಅದು ಸುಮ್ನೆ ಬರೆದದ್ದಲ್ಲ. ಆನೆಗಳು ನಮ್ಮ ಕಿವಿಗೆ ನಿಲುಕದಷ್ಟು ತಗ್ಗು ದನಿಯಲ್ಲಿ ಮಾತಾಡುತ್ತವೆ. ಕೇಟಿ ಪೇನ್ ಎಂಬ ವಿಜ್ಞಾನಿ 1984ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಆನೆಗಳ ಹತ್ತಿರ ನಿಂತಿದ್ದಾಗ ಗಾಳಿಯೇ ಅದುರಿದ ಹಾಗಾಯಿತಂತೆ. ಆಮೇಲೆ ರೆಕಾರ್ಡ್ ಮಾಡಿ ನೋಡಿದರೆ 20 ಹರ್ಟ್ಸ್‌ಗಿಂತ ಕೆಳಗಿನ ದನಿ. ಅದು ಕಾಡಿನಲ್ಲಿ ಕಿಲೋಮೀಟರುಗಟ್ಟಲೆ ಹೋಗುತ್ತದೆ, ನೆಲದಲ್ಲೂ ಹರಿಯುತ್ತದೆ. ಆ ರಾತ್ರಿ ತಾಯಿ ಕತ್ತು ತಿರುಗಿಸಲಿಲ್ಲ, ನಿಜ. ಆದರೆ ಆ ಗುಡುಗು ಯಾರದು ಅಂತ ಮಗಳನ್ನೇ ಕೇಳಿ ನೋಡಿ.

ಇಂಗ್ಲಿಷ್ ಸರಣಿಗಳ ನಕಲು ಅನ್ನುವ ಮಾತಿಗೆ ಬರುತ್ತೇನೆ. ಲೇಖಕರು ಅವುಗಳನ್ನು ಓದಿಲ್ಲ ಅಂತ ನಾನು ಪ್ರಮಾಣ ಮಾಡುವುದಿಲ್ಲ. ಆದರೆ ಎಳೆ ಹುಡುಗನನ್ನು ಕಾಡಿಗೆ ಅಟ್ಟುವುದನ್ನು ನಾವು ಯಾರಿಂದಲೂ ಕಡ ತರಬೇಕಾಗಿಲ್ಲ. ಚಂದ್ರಹಾಸನ ಪ್ರಸಂಗ ನೆನಪಿಸಿಕೊಳ್ಳಿ. ತಬ್ಬಲಿ ಹುಡುಗ. ಮಂತ್ರಿ ದುಷ್ಟಬುದ್ಧಿ ಅವನನ್ನು ಕೊಲ್ಲಲು ಕಾಡಿಗೆ ಕಳಿಸುತ್ತಾನೆ. ಕಟುಕರಿಗೆ ಕನಿಕರ ಬಂದು, ಗುರುತಿಗೆ ಆರನೇ ಬೆರಳು ಕತ್ತರಿಸಿಕೊಂಡು ಬಿಟ್ಟುಬಿಡುತ್ತಾರೆ. ಗದ್ದೆ ಬಯಲಿನ ಯಕ್ಷಗಾನದಲ್ಲಿ ಇದನ್ನು ಅಮ್ಮನ ತೊಡೆ ಮೇಲೆ ಅರೆನಿದ್ದೆಯಲ್ಲಿ ನೋಡಿ ಬೆಳೆದವರು ನಾವು. ಬೆರಳು ಹೋದಾಗ ಕಣ್ಣು ಮುಚ್ಚಿಕೊಂಡೆ, ಎದ್ದು ಹೋಗಲಿಲ್ಲ.

ಆದರೂ ನಿಮ್ಮ ಮಾತಿನಲ್ಲಿ ಒಂದು ಸತ್ಯ ಇದೆ. ಹೊರದಬ್ಬಿಸಿಕೊಂಡ ಹುಡುಗನ ಕಥೆಗೆ ಎಲ್ಲ ಕಡೆಯೂ ಒಂದೇ ಕೊನೆ. ಅವನು ವಾಪಸ್ ಬರುತ್ತಾನೆ, ಪಟ್ಟಕ್ಕೇರುತ್ತಾನೆ. ರಾಮ ಹದಿನಾಲ್ಕು ವರ್ಷಕ್ಕೆ ಬಂದ. ಚಂದ್ರಹಾಸನಿಗೆ ರಾಜ್ಯವೂ ಸಿಕ್ಕಿತು, ದುಷ್ಟಬುದ್ಧಿಯ ಮಗಳೂ ಸಿಕ್ಕಿದಳು. ತೋಳದ ಕಥೆಯಲ್ಲಿ ಹೊರಗೆ ಹೋದ ಮರಿ ಕೊನೆಗೆ ಗುಂಪಿನ ಯಜಮಾನ. ಆನೆಯನ್ನು ನಾಯಕ ಮಾಡಿಕೊಂಡಿರಿ ಅಂದರೆ ಈ ಬಾಗಿಲು ಮುಚ್ಚಿತು. ಹಿಂಡಿನ ಪಟ್ಟ ಅವನದ್ದಲ್ಲ, ಎಂದೂ ಆಗಿರಲಿಲ್ಲ. ಅದು ಅಜ್ಜಿಯಿಂದ ಇನ್ನೊಬ್ಬ ಹಿರಿಯಳಿಗೆ ಹೋಗುತ್ತದೆ. ಈ ಧಾರಾವಾಹಿಯನ್ನು ನಾನು ಒಪ್ಪಿಕೊಂಡದ್ದೇ ಈ ಕಾರಣಕ್ಕೆ. ಗೆದ್ದು ಬಂದು ಕೂರಲು ಸಿಂಹಾಸನವೇ ಇಲ್ಲದ ಹುಡುಗ ಎಲ್ಲಿಗೆ ಹೋಗುತ್ತಾನೆ?

ಕಾಡಿನಲ್ಲಿ ಇದಕ್ಕೆ ಉತ್ತರ ಇದೆ. ಅವನು ದೊಡ್ಡ ಗಂಡಸರನ್ನು ಹುಡುಕಿಕೊಂಡು ಹೋಗುತ್ತಾನೆ. ಒಂಟಿ ಸಲಗ ಅಂತ ನಾವು ಅನ್ನುವವನು ಯಾವಾಗಲೂ ಒಂಟಿಯಲ್ಲ. ತೋಟ, ಗದ್ದೆ, ರಸ್ತೆಗಳ ನಡುವೆ ಬದುಕಬೇಕಾದ ಎಳೆ ಗಂಡಾನೆಗಳು ಗುಂಪು ಕಟ್ಟಿಕೊಂಡು ಓಡಾಡುವುದನ್ನು ನಮ್ಮ ಕರ್ನಾಟಕದಲ್ಲೇ ಅಧ್ಯಯನ ಮಾಡಿದ್ದಾರೆ. ಗುಂಪಿನಲ್ಲಿ ಒಬ್ಬ ಹಿರಿಯ ಇದ್ದರೆ ಎಷ್ಟು ವ್ಯತ್ಯಾಸ ಅನ್ನುವುದಕ್ಕೆ ದಕ್ಷಿಣ ಆಫ್ರಿಕಾದ ಪಿಲಾನೆಸ್‌ಬರ್ಗ್ ಕಾಡಿನ ಸಂಗತಿ ಕೇಳಿ. ಬೇರೆ ಕಾಡಿನಲ್ಲಿ ದೊಡ್ಡವರನ್ನು ಗುಂಡಿಕ್ಕಿ ಕೊಂದ ಮೇಲೆ ಉಳಿದ ಅನಾಥ ಮರಿಗಳನ್ನು ಅಲ್ಲಿಗೆ ತಂದು ಬಿಟ್ಟಿದ್ದರು. ಗಂಡುಮರಿಗಳು ಬೆಳೆದವು. ತೀರಾ ಎಳೆ ವಯಸ್ಸಿಗೇ ಮಸ್ತಿ, ಅಂದರೆ ಮದ, ಬಂತು. 1992ರಿಂದ 1997ರ ನಡುವೆ ಅವು 40ಕ್ಕೂ ಹೆಚ್ಚು ಘೇಂಡಾಮೃಗಗಳನ್ನು ಕೊಂದವು. ಬೇಲಿ ಹಾಕಿ, ಗುಂಡು ಹಾರಿಸಿ ಇದನ್ನು ನಿಲ್ಲಿಸಲಿಲ್ಲ. 1998ರಲ್ಲಿ ಕ್ರೂಗರ್ ಕಾಡಿನಿಂದ ಆರು ದೊಡ್ಡ ಗಂಡಾನೆಗಳನ್ನು ತಂದು ಬಿಟ್ಟರು, ಅಷ್ಟೇ. ಹಿರಿಯರು ಬಂದು ನಿಂತಿದ್ದೇ ಹುಡುಗರ ಮಸ್ತಿ ಇಳಿಯಿತು, ಕೊಲೆ ನಿಂತಿತು.

ಎಂಟನೇ ಕಂತಿನಲ್ಲಿ ಬಂದ ಮುದುಕ ಮಕ್ನಾ ನಿಮಗೆ ನೆನಪಿದ್ದಾನಾ? ದಂತ ಇಲ್ಲದ ಗಂಡಾನೆ. ಅವನ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಮಾತೂ ಇಲ್ಲ, ನನಗೆ ಸ್ವಲ್ಪ ಬೇಜಾರಾಯಿತು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅವನೇ ಚಂದ. ಹುಡುಗನನ್ನು ಅವನು ಬಾ ಅನ್ನುವುದಿಲ್ಲ, ಹೋಗು ಅಂತಲೂ ಅನ್ನುವುದಿಲ್ಲ. ಬೈನೆ ಮರ ಬೀಳಿಸುತ್ತಾನೆ, ಅರ್ಧ ತಿಂದು ಮುಂದೆ ಹೋಗುತ್ತಾನೆ. ಉಳಿದರ್ಧ ಯಾರಿಗೆ ಅಂತ ಹುಡುಗನಿಗೆ ಅರ್ಥವಾಗಲು ಎರಡು ದಿನ ಬೇಕಾಗುತ್ತದೆ.

'ನಮ್ಮ ಮಕ್ಕಳಿಗೆ' ಎಂದಿರಿ. ವನವಾಸ ಅನ್ನುವ ಪದ ಕೇಳಿದರೆ ನಮ್ಮ ಅಜ್ಜ ನಗುತ್ತಿದ್ದರು. "ರಾಮನಿಗೆ ಹದಿನಾಲ್ಕೇ ವರ್ಷ, ನಮಗೆ ಹುಟ್ಟಿದಾಗಿನಿಂದ" ಅಂತ. ಮಲೆನಾಡಿನವರಿಗೆ ಕಾಡಿಗೆ ಹೋಗುವುದು ಶಿಕ್ಷೆಯಲ್ಲ. ಕಾಡು ಬಿಟ್ಟು ಹೋಗುವುದು ಶಿಕ್ಷೆ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಮನೆಯವರು ದೇವರ ಪಟ, ದನಕರು, ಒನಕೆ ಸಮೇತ ಲಾರಿ ಹತ್ತಿದರು. ಯಾವ ತಪ್ಪಿಗೆ? ಶರಾವತಿ ದಂಡೆಯಲ್ಲಿ ಹುಟ್ಟಿದ್ದಕ್ಕೆ. ಅವರ ಮೊಮ್ಮಕ್ಕಳು ಇವತ್ತು ಶಿವಮೊಗ್ಗದ ಸುತ್ತಮುತ್ತ ಇದ್ದಾರೆ, ಹಕ್ಕುಪತ್ರದ ಮಾತು ಇನ್ನೂ ಮುಗಿದಿಲ್ಲ. ಬೇಸಿಗೆಯಲ್ಲಿ ಹಿನ್ನೀರು ಇಳಿದು ಹಿರೇಭಾಸ್ಕರದ ಹಳೆ ಕಟ್ಟೆ ಮೇಲೆದ್ದಾಗ ನೋಡಲು ಹೋಗುವವರೆಲ್ಲ ಟೂರಿಸ್ಟ್‌ಗಳಲ್ಲ.

ಅಷ್ಟು ದೂರವೂ ಬೇಡ. ನನ್ನದೇ ಹೇಳುತ್ತೇನೆ. ಮಳೆಗಾಲದಲ್ಲಿ ನಮ್ಮ ಹಳ್ಳದ ಸಂಕ ಕೊಚ್ಚಿ ಹೋಗುತ್ತಿತ್ತು. ಶಾಲೆಗೆ ತಿಂಗಳುಗಟ್ಟಲೆ ಚಕ್ಕರ್. ಹತ್ತನೇ ವಯಸ್ಸಿಗೆ ನನ್ನನ್ನು ಶಿವಮೊಗ್ಗದ ಸಂಬಂಧಿಕರ ಮನೆಗೆ ಕಳಿಸಿದರು. ಬಸ್ಸು ಹೊರಟಾಗ ಅಮ್ಮ ತಿರುಗಿ ನೋಡಲಿಲ್ಲ. ಕೊಟ್ಟಿಗೆ ಕೆಲಸ ಇದೆ ಅಂತ ಬೇಗ ಬೇಗ ಹೋಗಿಬಿಟ್ಟಳು. ನಾನು ಏನೋ ತಪ್ಪು ಮಾಡಿದ್ದೇನೆ ಅಂತ ಎಷ್ಟೋ ದಿನ ಅಂದುಕೊಂಡಿದ್ದೆ. ಯಾವ ತಪ್ಪು ಅಂತ ಒಂದೊಂದೇ ಲೆಕ್ಕ ಹಾಕುತ್ತಿದ್ದೆ. ಪಕ್ಕದ ಮನೆಯ ಪೇರಲೆ ಕದ್ದದ್ದು ಪಟ್ಟಿಯಲ್ಲಿ ಮೊದಲು ಇತ್ತು.

ದಸರಾ ರಜೆಗೆ ಊರಿಗೆ ಹೋದೆ. ಅಮ್ಮ ಮಣೆ ಹಾಕಿದಳು. ಬಾಳೆ ಎಲೆ ಹಾಕಿ ಕಡುಬು ಬಡಿಸಿದಳು. ತಮ್ಮನಿಗೆ ಎಂದಿನಂತೆ ಅಲ್ಯೂಮಿನಿಯಂ ತಟ್ಟೆ, ಒಲೆ ಪಕ್ಕದ ಜಾಗ. ಎಲೆ ಮುಂದೆ ಕೂತಾಗ ನನಗೆ ಗೊತ್ತಾಯಿತು. ನಾನು ನೆಂಟ. ಆ ಒಲೆ ಪಕ್ಕದ ಜಾಗ ಮತ್ತೆ ನನಗೆ ಸಿಗಲಿಲ್ಲ. ಇದರಲ್ಲಿ ಅಮ್ಮನದ್ದೇನೂ ತಪ್ಪಿಲ್ಲ, ಅವಳು ಪ್ರೀತಿಯಿಂದಲೇ ಎಲೆ ಹಾಕಿದ್ದು.

ಆ ವರ್ಷ ಯಾರಾದರೂ ನನಗೆ ಇಂಥ ಒಂದು ಆನೆಯ ಕಥೆ ಕೊಟ್ಟಿದ್ದರೆ ನಾನೂ ಒಂದು ರಾತ್ರಿ ಊಟ ಬಿಡುತ್ತಿದ್ದೆ. ಮರುದಿನ ಮುಂದಿನ ಕಂತು ಎಲ್ಲಿ ಅಂತ ಹುಡುಕುತ್ತಿದ್ದೆ. ನಿಮ್ಮ ಮಗಳೂ ಧಾರಾವಾಹಿ ಬಿಟ್ಟಿಲ್ಲ, ಅಲ್ವಾ? ದಿನಾ ಕೇಳುತ್ತಿದ್ದಾಳೆ ಅಂದಿರಿ.

ಅವಳ ಪ್ರಶ್ನೆಗೆ ಉತ್ತರ ಹೇಳಬೇಕು. ಇನ್ನು ಮೂರು ಕಂತು ಬಾಕಿ ಇದೆ, ಹಸ್ತಪ್ರತಿ ನನ್ನ ಮೇಜಿನ ಮೇಲಿದೆ. ಪೂರ್ತಿ ಹೇಳಿದರೆ ಲೇಖಕರು ನನ್ನ ಮೇಲೆ ಸಿಟ್ಟಾಗುತ್ತಾರೆ. ಇಷ್ಟು ಮಾತ್ರ ಹೇಳಬಹುದು. ಅವನು ಬರುತ್ತಾನೆ. ಗಂಡಾನೆ ಹಿಂಡಿನ ಹತ್ತಿರ ಬರುವುದು ಹೇಗೋ ಹಾಗೆಯೇ ಬರುತ್ತಾನೆ, ನೆಂಟನ ಹಾಗೆ. ಹೊಳೆಯ ಈ ದಂಡೆಯಲ್ಲಿ ನಿಲ್ಲುತ್ತಾನೆ. ಆ ದಂಡೆಯಲ್ಲಿ ಅವನು ಹೋದ ಮೇಲೆ ಹುಟ್ಟಿದ ಒಂದು ಮರಿ ಇರುತ್ತದೆ. ಅವನನ್ನು ಕಂಡು ಹೆದರಿ ಅಮ್ಮನ ಹೊಟ್ಟೆಯಡಿ ಓಡುತ್ತದೆ. ಅಮ್ಮ ಹೆದರುವುದಿಲ್ಲ. ಇದನ್ನು ಮಗಳಿಗೆ ಈಗಲೇ ಹೇಳಬೇಕೋ, ಕಾಯಿಸಬೇಕೋ, ನೀವೇ ನೋಡಿ.

ನಿಮ್ಮ ಪತ್ರದ ಜೊತೆ ಅವಳು ಬರೆದ ಚಿತ್ರವೂ ಸಿಕ್ಕಿತು. ಹೆಣ್ಣಾನೆಗಳಿಗೆ ದಂತ ಇಲ್ಲ, ಹುಡುಗನಿಗೆ ಮಾತ್ರ ಚೋಟುದ್ದ ಎರಡು. ನಮ್ಮ ಚಿತ್ರಕಾರರಿಗೆ ತೋರಿಸಿದೆ, ಅವರು ಬಾಯಿ ಬಿಡಲಿಲ್ಲ. ಹುಡುಗನ ಸೊಂಡಿಲಿಗೆ ಅವಳು ಒಂದು ಟಿಫನ್ ಕ್ಯಾರಿಯರ್ ಕೂಡ ನೇತು ಹಾಕಿದ್ದಾಳೆ, ಮೂರು ಡಬ್ಬಿಯದು. ಮುಂದಿನ ಸಂಚಿಕೆಯಲ್ಲಿ ಅದನ್ನು ಏನೂ ತಿದ್ದದೆ ಅಚ್ಚು ಹಾಕುತ್ತಿದ್ದೇವೆ. ಡಬ್ಬಿಯಲ್ಲಿ ಏನಿದೆ ಅಂತ ಕೇಳಿ ತಿಳಿಸಿ, ಚಿತ್ರದ ಕೆಳಗೆ ಬರೆಯಬೇಕು.