ಸ್ಟ್ಯಾಂಪ್ ಅಸಲಿ, ಮೇಲಿನ ಮಸಿ ನಕಲಿ

ಪ್ರಶ್ನೆ: ಸರ್, ನಮ್ಮ ಅಜ್ಜನ ಹಳೇ ಆಲ್ಬಂನಲ್ಲಿ ಜರ್ಮನಿಯ 10 ಫೆನಿಗ್ ಸ್ಟ್ಯಾಂಪ್ ಇದೆ. ಕೆಂಪು ಬಣ್ಣ, ಹದ್ದಿನ ಚಿತ್ರ. ಅದರ ಮೇಲೆ ಕಪ್ಪು ಮಸಿಯಲ್ಲಿ ಓರೆಯಾಗಿ ‘ಚೈನಾ’ ಅಂತ ಇಂಗ್ಲಿಷ್ ಅಕ್ಷರ ಇವೆ. ಜರ್ಮನಿ ಸ್ಟ್ಯಾಂಪ್ ಮೇಲೆ ಚೀನಾದ ಹೆಸರು ಯಾಕೆ? ಇದು ಅಸಲಿಯೋ ನಕಲಿಯೋ?
– ಓದುಗರು, ಕಲಬುರಗಿ

ಉತ್ತರ: ನೂರು ವರ್ಷಕ್ಕೂ ಹಿಂದೆ ಒಂದು ದೇಶ ಇನ್ನೊಂದು ದೇಶದ ಊರಲ್ಲಿ ತನ್ನದೇ ಅಂಚೆ ಕಚೇರಿ ನಡೆಸುತ್ತಿತ್ತು. ಶಾಂಘೈಯಲ್ಲಿ ಜರ್ಮನಿ, ಫ್ರಾನ್ಸ್, ರಷ್ಯಾ, ಜಪಾನ್ ಎಲ್ಲರದೂ ಇದ್ದವು. ತುರ್ಕಿಯ ಊರುಗಳಲ್ಲೂ ಅಷ್ಟೇ. ನಮ್ಮ ಕಡೆಯವರಿಗೆ ಇದು ತೀರಾ ಹೊಸದೇನಲ್ಲ. ನಿಜಾಮರ ಸ್ಟ್ಯಾಂಪ್ ಸಂಸ್ಥಾನದ ಒಳಗೆ ಮಾತ್ರ ನಡೆಯುತ್ತಿತ್ತು, ಇಲ್ಲಿಂದ ಸೊಲ್ಲಾಪುರಕ್ಕೆ ಕಾಗದ ಹಾಕಬೇಕಂದ್ರೆ ಬ್ರಿಟಿಷ್ ಇಂಡಿಯಾದ ಸ್ಟ್ಯಾಂಪೇ ಬೇಕಿತ್ತು. ಒಂದೇ ನೆಲದಲ್ಲಿ ಎರಡು ಅಂಚೆ.

ಜರ್ಮನಿ ಶಾಂಘೈಯಲ್ಲಿ 1886ರಲ್ಲೇ ಕಚೇರಿ ತೆರೆದಿತ್ತು, ಆದರೆ ‘ಚೈನಾ’ ಅಂತ ಅಚ್ಚು ಹಾಕಿದ ಸ್ಟ್ಯಾಂಪ್ ಬಂದದ್ದು 1898ರಲ್ಲಿ. ಅಲ್ಲಿಯವರೆಗೆ ಮಾಮೂಲಿ ಜರ್ಮನ್ ಸ್ಟ್ಯಾಂಪನ್ನೇ ಅಂಟಿಸುತ್ತಿದ್ದರು.

ಈಗ ಮುಖ್ಯ ವಿಷಯ. ಇಂಥ ಸ್ಟ್ಯಾಂಪ್‌ನಲ್ಲಿ ಕಾಗದ, ಬಣ್ಣ, ಅಂಚಿನ ಹಲ್ಲು ಎಲ್ಲವೂ ಸಾಮಾನ್ಯವಾಗಿ ಅಸಲಿಯೇ ಇರುತ್ತವೆ. ಹದ್ದಿನ 10 ಫೆನಿಗ್ ಲೆಕ್ಕವಿಲ್ಲದಷ್ಟು ಅಚ್ಚಾಗಿದೆ, ಇವತ್ತಿಗೂ ಅಗ್ಗ. ಮೋಸ ನಡೆಯೋದು ಮೇಲಿನ ಮಸಿಯಲ್ಲಿ, ಅಂದರೆ ಓವರ್‌ಪ್ರಿಂಟ್‌ನಲ್ಲಿ ಮತ್ತು ಠಸ್ಸೆಯಲ್ಲಿ (ಅಂಚೆ ಕಚೇರಿ ಒತ್ತುವ ಊರು, ತಾರೀಖಿನ ಮುದ್ರೆ). ಅಗ್ಗದ ಸ್ಟ್ಯಾಂಪ್ ತಂದು ನಾಲ್ಕು ಅಕ್ಷರ ಒತ್ತಿದರೆ ಬೆಲೆ ಏರಿಬಿಡುತ್ತದೆ, ಅದಕ್ಕೇ ಈ ಕೆಲಸ ನೂರು ವರ್ಷದಿಂದ ನಡೆದಿದೆ. ಜಿನೀವಾದಲ್ಲಿದ್ದ ಫ್ರಾಂಸ್ವಾ ಫೋರ್ನಿಯೆ ಇದನ್ನೇ ಬಹಿರಂಗ ವ್ಯಾಪಾರ ಮಾಡಿಕೊಂಡಿದ್ದ. ಅವನು 1917ರಲ್ಲಿ ತೀರಿಕೊಂಡ ಮೇಲೆ ಉಳಿದಿದ್ದ ನಕಲಿ ಮಾಲನ್ನು ಜಿನೀವಾದ ಸಂಗ್ರಾಹಕರ ಸಂಘ ಕೊಂಡು, ಮಾದರಿಗಳನ್ನು ಆಲ್ಬಂ ಮಾಡಿ 1928ರಲ್ಲಿ ಹಂಚಿತು, ಜನ ನೋಡಿ ಗುರುತು ಹಿಡಿಯಲಿ ಅಂತ. ಆ ಆಲ್ಬಂನಲ್ಲಿ ಸ್ಟ್ಯಾಂಪ್ ಅಷ್ಟೇ ಅಲ್ಲ, ಓವರ್‌ಪ್ರಿಂಟ್ ಮತ್ತು ಠಸ್ಸೆಗಳ ನಕಲೂ ಇವೆ.

ನಿಮ್ಮ ಸ್ಟ್ಯಾಂಪ್ ಮೇಲೆ ಠಸ್ಸೆ ಇದೆಯಾ ಅಂತ ನೀವು ಬರೆದಿಲ್ಲ. ಇದ್ದರೆ ಮೊದಲು ಅದನ್ನೇ ಓದಿ. ಊರಿನ ಹೆಸರು ಶಾಂಘೈಯೋ ಟಿಯೆಂಟ್ಸಿನ್ನೋ ಅಥವಾ ಜರ್ಮನ್ ಅಂಚೆ ಕಚೇರಿ ಇದ್ದ ಚೀನಾದ ಬೇರೆ ಊರೋ ಆಗಿರಬೇಕು, ವರ್ಷ 1898ರ ಹಿಂದಿನದು ಇರಬಾರದು. ಬರ್ಲಿನ್, ಹ್ಯಾಂಬರ್ಗ್ ಅಂತ ಕಂಡರೆ ಅನುಮಾನ ಗಟ್ಟಿ. ಜರ್ಮನಿಯೊಳಗೇ ಬಳಸಿ ಬಿಸಾಡಿದ ಸ್ಟ್ಯಾಂಪ್ ಮೇಲೆ ಯಾರೋ ಆಮೇಲೆ ‘ಚೈನಾ’ ಒತ್ತಿರುತ್ತಾರೆ. ಇನ್ನೊಂದು, ಓವರ್‌ಪ್ರಿಂಟ್ ಮೊದಲು ಬೀಳುತ್ತದೆ, ಠಸ್ಸೆ ಆಮೇಲೆ. ಎರಡೂ ಗೆರೆ ಒಂದರ ಮೇಲೊಂದು ಹಾಯುವ ಜಾಗವನ್ನು ಹತ್ತುಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ, ಸ್ಟ್ಯಾಂಪನ್ನು ಬೆಳಕಿಗೆ ಸ್ವಲ್ಪ ಓರೆ ಹಿಡಿದು ನೋಡಿ. ‘ಚೈನಾ’ದ ಮಸಿ ಠಸ್ಸೆಯ ಮೇಲೆ ಕೂತಿದ್ದರೆ ಆ ಸ್ಟ್ಯಾಂಪ್ ಕತೆ ಮುಗೀತು.

ಆಮೇಲೆ ಅಕ್ಷರದ ಅಂಚು ನೋಡಿ. ಅಸಲಿ ಅಚ್ಚು ಮೊಳೆ ಒತ್ತಿ ಹಾಕಿದ್ದು, ಹಾಗಾಗಿ ಮಸಿ ಅಂಚಿಗೆ ಸರಿದು ಅಲ್ಲಿ ದಟ್ಟವಾಗಿರುತ್ತದೆ, ಕೆಲವೊಮ್ಮೆ ಹಿಂಬದಿಯಲ್ಲೂ ಒತ್ತಿದ ಗುರುತು ಸಿಗುತ್ತದೆ. ಇಂಕ್‌ಜೆಟ್‌ನಲ್ಲಿ ಹಾಕಿದ್ದು ಸಣ್ಣ ಚುಕ್ಕಿಗಳಾಗಿ ಒಡೆದು ಕಾಗದದ ಎಳೆಗುಂಟ ಹರಡಿರುತ್ತದೆ. ಲೇಸರ್ ಪ್ರಿಂಟರ್‌ನದ್ದಾದರೆ ಅಕ್ಷರ ಹೊಳೆಯುತ್ತದೆ, ಸುತ್ತ ಕಪ್ಪು ಪುಡಿ ಚೆದುರಿರುತ್ತದೆ.

ಕೊನೆಗೆ ಮಕ್ಕಳ ಕಂಪಾಸ್ ಪೆಟ್ಟಿಗೆಯಿಂದ ಕೋನಮಾಪಕ ತಗೊಳ್ಳಿ. ಈ ಓರೆ ಅಕ್ಷರ ಎರಡು ಬಗೆಯಲ್ಲಿವೆ, ಒಂದು 45 ಡಿಗ್ರಿ, ಇನ್ನೊಂದು 56 ಡಿಗ್ರಿ. 45ರದ್ದು ಅಪರೂಪ, ಬೆಲೆ ಜಾಸ್ತಿ. ಎರಡಕ್ಕೂ ಹೊಂದದ ಕೋನ ಬಂದರೆ ನಂಬಬೇಡಿ. ಕೋನ ಸರಿ ಬಂತು ಅಂತ ಕುಣಿಯಲೂಬೇಡಿ, ನಕಲಿ ಮಾಡುವವರ ಹತ್ತಿರವೂ ಕೋನಮಾಪಕ ಇರುತ್ತದೆ ಅಲ್ವಾ? ಒಂದು ವಿನಂತಿ: ಇದೆಲ್ಲ ಗೊತ್ತಾಗುವವರೆಗೆ ಸ್ಟ್ಯಾಂಪನ್ನು ನೀರಿಗೆ ಹಾಕಬೇಡಿ. ಹಿಂದಿನ ಅಂಟು ಹೋದರೆ ಅಸಲಿಯಾದರೂ ಬೆಲೆ ಬೀಳುತ್ತದೆ.

ಪ್ರಶ್ನೆ: ಪರಿಚಯದವರೊಬ್ಬರು ಭಾರತದ 1 ಆಣೆ ಸ್ಟ್ಯಾಂಪ್ ಮಾರಲು ತಂದಿದ್ದಾರೆ. ಗಡ್ಡದ ರಾಜ ಏಳನೇ ಎಡ್ವರ್ಡ್ ಚಿತ್ರ, ಮೇಲೆ ‘ಜಾಂಜಿಬಾರ್’ ಅಂತ ಅಚ್ಚು. ಭೂತಗನ್ನಡಿಯಲ್ಲಿ ಅಕ್ಷರ ಚೆನ್ನಾಗೇ ಕಾಣ್ತಾವ್ರಿ. ತಗೊಳ್ಳಲೇ?
– ಓದುಗರು, ಬೀದರ್

ಉತ್ತರ: ಬೇಡ. ಇದಕ್ಕೆ ಭೂತಗನ್ನಡಿಯೂ ಬೇಕಿಲ್ಲ, ಇಸವಿ ಸಾಕು. ಜಾಂಜಿಬಾರಿನಲ್ಲಿ ಭಾರತದ ಅಂಚೆ ಕಚೇರಿ 1875ರಿಂದ 1895ರವರೆಗೆ ನಡೆಯಿತು. 1895ರ ಕೊನೆಗೆ ವಿಕ್ಟೋರಿಯಾ ರಾಣಿಯ ಸ್ಟ್ಯಾಂಪ್ ಮೇಲೆ ‘ಜಾಂಜಿಬಾರ್’ ಅಚ್ಚು ಹಾಕಿದರು, 1896ರಲ್ಲಿ ಅಲ್ಲಿನ ಸುಲ್ತಾನರ ಚಿತ್ರದ ಸ್ಟ್ಯಾಂಪೇ ಬಂತು. ಎಡ್ವರ್ಡ್ ಚಿತ್ರದ ಭಾರತದ ಸ್ಟ್ಯಾಂಪ್ ಬಂದದ್ದು 1902ರಲ್ಲಿ. ಆಗ ಅದರ ಮೇಲೆ ಆ ಹೆಸರು ಒತ್ತುವ ಕಾರಣವೇ ಇರಲಿಲ್ಲ. ಹಾಗಂತ ವಿಕ್ಟೋರಿಯಾ ರಾಣಿಯದ್ದು ಸಿಕ್ಕರೆ ಸುಮ್ನೆ ನಂಬಿಬಿಡಬೇಡಿ, ಅದರ ಓವರ್‌ಪ್ರಿಂಟನ್ನೂ ನಕಲು ಮಾಡಿದ್ದಾರೆ.

ನಮ್ಮ ದೇಶದ ಅಂಚೆ ಮಸ್ಕತ್, ಬುಶೈರ್, ಬಸ್ರಾ, ಬಾಗ್ದಾದ್, ಸಿಂಗಪುರದವರೆಗೂ ಹರಡಿತ್ತು. ಈ ವಿಷಯ ನಮ್ಮ ಸಂಗ್ರಾಹಕರು ಇನ್ನೂ ಜಾಸ್ತಿ ಓದಬೇಕು ಅನ್ನೋದು ನನ್ನ ಆಸೆ. ಅಲ್ಲಿ ಬಳಸಿದ ಬಹಳಷ್ಟು ಸ್ಟ್ಯಾಂಪ್ ಮೇಲೆ ಓವರ್‌ಪ್ರಿಂಟ್ ಕೂಡ ಇಲ್ಲ, ಬೆಲೆಯೆಲ್ಲ ಠಸ್ಸೆಗೇ. ಸಿಂಗಪುರದ್ದು ‘ಬಿ 172’ ಅನ್ನೋ ಠಸ್ಸೆ. ಆದರೆ 1867ರಲ್ಲಿ ಅಲ್ಲಿಗೆ ಬೇರೆ ಸ್ಟ್ಯಾಂಪ್ ಬಂತು, ನಮ್ಮದು ನಿಂತಿತು. 1854ರ ಮೊಟ್ಟಮೊದಲ ಸ್ಟ್ಯಾಂಪ್ ಬಿಟ್ಟರೆ, 1882ಕ್ಕಿಂತ ಮೊದಲಿನ ನಮ್ಮ ಸ್ಟ್ಯಾಂಪ್‌ಗಳಲ್ಲಿ ‘ಈಸ್ಟ್ ಇಂಡಿಯಾ’ ಅಂತ ಇರುತ್ತದೆ, ಆಮೇಲಿನದ್ದರಲ್ಲಿ ಬರೀ ‘ಇಂಡಿಯಾ’. 1882ರಿಂದ ಈಚಿನ, ಬರೀ ‘ಇಂಡಿಯಾ’ ಅಂತಿರುವ ಸ್ಟ್ಯಾಂಪ್ ಮೇಲೆ ‘ಬಿ 172’ ಕಂಡರೆ ದುಡ್ಡು ಜೇಬಿನಲ್ಲೇ ಇರಲಿ. ಆದಷ್ಟು ಪೂರ್ತಿ ಲಕೋಟೆಯನ್ನೇ ಹುಡುಕಿ. ಹೊರಟ ಊರು, ತಲುಪಿದ ಊರು, ಎರಡೂ ಕಡೆಯ ತಾರೀಖು, ಅಂಟಿಸಿದ ಸ್ಟ್ಯಾಂಪಿನ ಮೊತ್ತ ಎಲ್ಲ ಒಂದಕ್ಕೊಂದು ತಾಳೆಯಾಗಬೇಕು. ಬಿಡಿ ಸ್ಟ್ಯಾಂಪ್ ಮೇಲೆ ಒಂದು ಠಸ್ಸೆ ಒತ್ತೋದು ಸುಲಭ, ಲಕೋಟೆಯ ಇಡೀ ಪ್ರಯಾಣವನ್ನು ತಪ್ಪಿಲ್ಲದೆ ಕಟ್ಟೋದು ಕಷ್ಟ.

ಪ್ರಶ್ನೆ: ಸರ್ಟಿಫಿಕೇಟ್ ಇರೋ ಸ್ಟ್ಯಾಂಪ್ ಆದರೆ ಕಣ್ಣುಮುಚ್ಚಿ ತಗೋಬಹುದಾ?
– ಓದುಗರು, ಯಾದಗಿರಿ

ಉತ್ತರ: ಕಣ್ಣು ತೆರೆದೇ ತಗೊಳ್ಳಿ. ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿಯ ತಜ್ಞರ ಸಮಿತಿ ಕೊಡುವ ಸರ್ಟಿಫಿಕೇಟ್‌ಗೆ ಒಳ್ಳೆ ಬೆಲೆ ಇದೆ. ಜರ್ಮನಿಯದ್ದಾದರೆ ಅಲ್ಲಿನ ಪರೀಕ್ಷಕರ ಸಂಘ ಬಿಪಿಪಿಯವರ ಮಾತು ನಡೆಯುತ್ತದೆ. ಮಾರುವವರೇ ಬರೆದುಕೊಟ್ಟ ‘ಗ್ಯಾರಂಟಿ’ ಚೀಟಿ ಬೇರೆ, ಇದು ಬೇರೆ. ಸರ್ಟಿಫಿಕೇಟ್ ಕೈಗೆ ಬಂದ ಕೂಡಲೇ ಅದರಲ್ಲಿರುವ ಫೋಟೋ ಪಕ್ಕ ಸ್ಟ್ಯಾಂಪ್ ಇಟ್ಟು ಅಂಚಿನ ಹಲ್ಲುಗಳನ್ನು ಒಂದೊಂದಾಗಿ ಹೋಲಿಸಿ. ಗಿಡ್ಡ ಹಲ್ಲು, ಹರಿದ ಮೂಲೆ, ಠಸ್ಸೆ ಬಿದ್ದ ಜಾಗ ಎಲ್ಲವೂ ಅದೇ ಇರಬೇಕು. ಅಸಲಿ ಸರ್ಟಿಫಿಕೇಟ್ ಜೊತೆ ಬೇರೆ ಸ್ಟ್ಯಾಂಪ್ ಇಟ್ಟು ಮಾರುವವರೂ ಇದ್ದಾರೆ. ಇನ್ನೂರು ಮುನ್ನೂರು ರೂಪಾಯಿ ಸ್ಟ್ಯಾಂಪ್ ಆದರೆ ಪರೀಕ್ಷೆಗೆ ಕಳಿಸಬೇಡಿ, ಶುಲ್ಕವೇ ಅದಕ್ಕಿಂತ ದೊಡ್ಡದಾಗುತ್ತದೆ.